ಅಫೆನ್ಸಿವ್ ಕೋಆರ್ಡಿನೇಟರ್ ಉಮಾಶಂಕರನ ಉಪ್ಪಿಟ್ಟು

ಉಮಾಶಂಕರನ ಮಾತು ನಡೆಯುವ ಜಾಗ ಇಡೀ ಇಂಗ್ಲೆಂಡಿನಲ್ಲಿ ಒಂದೇ ಇತ್ತು: ಹೆಡಿಂಗ್ಲೀ ಹತ್ತಿರದ ಒಂದು ಕೆಸರು ಮೈದಾನ. ವಾರವಿಡೀ ಅವನು ಸಾಫ್ಟ್‌ವೇರ್ ಕಂಪನಿಯೊಂದರ ಮೀಟಿಂಗುಗಳಲ್ಲಿ ತಲೆಯಾಡಿಸುತ್ತಿದ್ದ. ಮನೆಯಲ್ಲಿ ಪರದೆಯ ಬಣ್ಣದಿಂದ ಮನೆಸಾಲದವರೆಗೆ ಎಲ್ಲವೂ ಹೆಂಡತಿ ಚಂದ್ರಪ್ರಭಾಳ ತೀರ್ಮಾನ. ಭಾನುವಾರ ಮಾತ್ರ ಅವನು ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡದ ಅಫೆನ್ಸಿವ್ ಕೋಆರ್ಡಿನೇಟರ್. ಅಂದರೆ, ಚೆಂಡು ತಮ್ಮವರ ಕೈಯಲ್ಲಿದ್ದಾಗ ಯಾರು ಓಡಬೇಕು, ಯಾರು ಎಸೆಯಬೇಕು, ಯಾರು ಅಡ್ಡ ನಿಲ್ಲಬೇಕು ಎಂದು ಗೆರೆಯಾಚೆ ನಿಂತು ಅಪ್ಪಣೆ ಕೊಡುವವನು. ಬಿಟ್ಟಿ ಕೆಲಸ. ಕ್ಲಬ್ಬಿನವರು ಸ್ವಯಂಸೇವಕರು ಬೇಕು ಎಂದಾಗ ಹೋದವನು ಇವನೊಬ್ಬನೇ. ಇದನ್ನು ಅವನು ‘ಸೆಲೆಕ್ಟ್ ಆದೆ’ ಎಂದು ಹೇಳಿಕೊಳ್ಳುತ್ತಿದ್ದ.

ಆ ಚೆಂಡು ಹಿಡಿದು ಅವನು ಜನ್ಮದಲ್ಲಿ ಓಡಿದವನಲ್ಲ, ಕಲಿತದ್ದೆಲ್ಲ ಯೂಟ್ಯೂಬಿನಿಂದ. ಆದರೆ ಒಂದು ಉಪಾಯ ಮಾತ್ರ ಅವನದೇ ಸ್ವಂತದ್ದು. ಎದುರಾಳಿಗೆ ಗುಟ್ಟು ತಿಳಿಯದಿರಲೆಂದು ಪ್ರತಿ ತಂತ್ರಕ್ಕೂ ಕನ್ನಡದ ಹೆಸರಿಟ್ಟಿದ್ದ. ಉಪ್ಪಿಟ್ಟು ಎಂದರೆ ನಡುವೆ ನುಗ್ಗು. ಹಪ್ಪಳ ಎಂದರೆ ದೂರಕ್ಕೆ ಎಸೆ. ಒಗ್ಗರಣೆ ಎಂದರೆ ಎಡಕ್ಕೆ ತೋರಿಸಿ ಬಲಕ್ಕೆ ಓಡು. ಯಾರ್ಕ್‌ಷೈರಿನ ಹುಡುಗರು ಇವನ್ನೆಲ್ಲ ಉರು ಹೊಡೆದು, ಹೇಗೋ ಮೊದಲ ಪಂದ್ಯ ಗೆದ್ದೂಬಿಟ್ಟರು. ಅಲ್ಲಿಂದ ಉಮಾಶಂಕರನನ್ನು ಹಿಡಿಯುವವರಿಲ್ಲ. ಕನ್ನಡದವರ ದೀಪಾವಳಿ ಊಟದಲ್ಲಿ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಒಂದೊಂದು ಹೆಸರಿನ ಅರ್ಥವನ್ನೂ ಬಿಡಿಸಿ ಬಿಡಿಸಿ ಹೇಳಿದ.

“ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದ ಗಂಧಗಾಳಿ ಇಲ್ಲ ಕಣ್ರೀ. ನಮ್ಮ ಕೃತೀನೇ ನೋಡಿ, ಏನು ಕೇಳಿದ್ರೂ ಯಸ್, ನೋ ಅಷ್ಟೇ. ನನ್ನ ಕೋಡ್ ಯಾರು ಒಡೀತಾರೆ?”

ಮಗಳು ಕೃತಿ ಪಕ್ಕದಲ್ಲೇ ಕೂತು ಪಲ್ಯ ತಿನ್ನುತ್ತಿದ್ದಳು. “ವಾಟೆವರ್, ಅಪ್ಪ” ಎಂದಳು. ಅವಳು ಓದುತ್ತಿದ್ದದ್ದು ಶೆಫೀಲ್ಡಿನಲ್ಲಿ; ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಜೊತೆ ಓಡಾಡುತ್ತಿದ್ದಳು. ಅಲ್ಲಿ ಏನು ಮಾಡುತ್ತೀಯೆಂದು ಅಪ್ಪ ಕೇಳಿರಲಿಲ್ಲ. ನೀರಿನ ಬಾಟಲಿ ಹೊರುತ್ತಾಳೆಂದು ತಾನೇ ತೀರ್ಮಾನಿಸಿದ್ದ.

ಆಮೇಲೆ ತಂಡ ಸಾಲುಸಾಲಾಗಿ ಸೋತಿತು. ಮುಖ್ಯ ಕೋಚ್ ಖಡಾಖಂಡಿತವಾಗಿ ಹೇಳಿದ: ಶೆಫೀಲ್ಡ್ ಪಂದ್ಯ ಗೆಲ್ಲದಿದ್ದರೆ ಈ ಕೆಲಸ ಬೇರೆಯವರಿಗೆ. ಉಮಾಶಂಕರನಿಗೆ ನಿದ್ದೆ ಹತ್ತಲಿಲ್ಲ. ಬದುಕಿನಲ್ಲಿ ತನ್ನ ಅಪ್ಪಣೆಗೆ ಯಾರಾದರೂ ಓಡುತ್ತಿದ್ದರೆ ಅದು ಆ ಹುಡುಗರು ಮಾತ್ರ.

ಪಂದ್ಯದ ದಿನ ಕೃತಿ ಎದುರು ಗೆರೆಯಲ್ಲಿ, ಶೆಫೀಲ್ಡಿನ ಕೋಚಿನ ಪಕ್ಕ ನಿಂತಿದ್ದಳು. ಅಪ್ಪ ಕೈಬೀಸಿದ. ಆಮೇಲೆ ಧಾರಾಳವಾಗಿ “ಉಪ್ಪಿಟ್ಟು!” ಎಂದು ಕೂಗಿದ. ಕೃತಿ ಕೋಚಿನ ಕಿವಿಯಲ್ಲಿ ಏನೋ ಅಂದಳು; ಶೆಫೀಲ್ಡಿನ ಧಡಿಯರೆಲ್ಲ ನಡುವೆ ಬಂದು ಗೋಡೆ ಕಟ್ಟಿದರು. ಪ್ರತಿ ಸಲವೂ ಇದೇ ಕತೆ. ಈ ಮಹಾಶಯ ಗಾಳಿಯನ್ನು ಬೈದ, ರೆಫರಿಯನ್ನು ಬೈದ, ಹುಡುಗರ ಉಚ್ಚಾರಣೆಯನ್ನೂ ಬೈದ. ಕೊನೆಗೆ “ಹಪ್ಪಳ!” ಎಂದು ಕೂಗಿದ ತಕ್ಷಣ ಕೃತಿ ನಗುತ್ತಾ, ಹಿಂದಕ್ಕೆ ಓಡಿ ಎಂದು ತನ್ನವರಿಗೆ ಸನ್ನೆ ಮಾಡಿದ್ದು ಕಣ್ಣಿಗೆ ಬಿತ್ತು. ಆಗ ಹೊಳೆಯಿತು ಪುಣ್ಯಾತ್ಮನಿಗೆ.

ಉಳಿದದ್ದು ಒಂದೇ ಅವಕಾಶ. ಎರಡು ಗಜ ದಾಟಿದರೆ ಗೆಲುವು. ಉಮಾಶಂಕರ ಆಟ ನಿಲ್ಲಿಸಿ ಹುಡುಗರನ್ನು ಕರೆದ. ತಾನು ಒಗ್ಗರಣೆ ಎಂದು ಕೂಗುತ್ತೇನೆ, ನೀವು ಮಾತ್ರ ಉಪ್ಪಿಟ್ಟು ಆಡಿ ಎಂದು ಪಿಸುಗುಟ್ಟಿದ. ತನ್ನ ಬುದ್ಧಿಗೆ ತಾನೇ ಮೆಚ್ಚಿ, ಗೆರೆಗೆ ಬಂದು ಮೈದಾನ ನಡುಗುವಂತೆ “ಒಗ್ಗರಣೆ!” ಎಂದ.

ಕೃತಿ ಬಲಕ್ಕೆ ತಿರುಗಿಯೂ ನೋಡಲಿಲ್ಲ. ನಡುವಿಗೆ ಬೆರಳು ತೋರಿಸಿದಳು. ಚೆಂಡು ಹಿಡಿದ ಹುಡುಗನ ಮೇಲೆ ಶೆಫೀಲ್ಡಿನ ಅರ್ಧ ತಂಡ ಬಿತ್ತು.

ಮುಖ್ಯ ಕೋಚ್ ಬಂದು ಕೈಕುಲುಕಿ, ನಿಮ್ಮಿಂದ ಬಹಳ ಉಪಕಾರವಾಯಿತು ಎಂದ. ಇಂಗ್ಲಿಷರು ಅಷ್ಟು ನಯವಾಗಿ ಮಾತಾಡಿದರೆ ಕೆಲಸ ಹೋಯಿತೆಂದೇ ಅರ್ಥ.

ಉಮಾಶಂಕರ ಮಗಳ ಹತ್ತಿರ ಹೋದ. “ಕೊನೇದು ಸುಳ್ಳು ಅಂತ ಹೇಗೆ ಗೊತ್ತಾಯ್ತೇ?”

“ಸುಳ್ಳು ಹೇಳೋವಾಗ ನಿನ್ನ ವಾಯ್ಸ್ ಜೋರಾಗುತ್ತಪ್ಪ. ಆಫೀಸಲ್ಲೇ ಕೂತ್ಕೊಂಡು ‘ಹೊರಟೆ, ಹೊರಟೆ’ ಅಂತ ಫೋನಲ್ಲಿ ಹೇಳ್ತೀಯಲ್ಲ, ಹಾಗೇ. ಅಮ್ಮ ಸ್ಪೀಕರಲ್ಲಿ ಇಡ್ತಾಳೆ.”

“ಇಷ್ಟು ಕನ್ನಡ ಬರುತ್ತೆ, ಒಂದಿನಾನೂ ಮಾತಾಡ್ಲಿಲ್ವಲ್ಲೇ ನೀನು?”

“ನಿನ್ನ ಮಾತು ಮುಗೀಲಿ ಅಂತ ಕಾಯ್ತಿದ್ದೆ” ಎಂದಳು ಕೃತಿ.