ಲೆಕ್ಕ ಬಾರದ ಮ್ಯಾನೇಜರು

ನಮ್ಮ ತಾಂಬೊ ಕೇರಿಯ ಜೋವಿ ಕ್ಯಾಸಿನೊ ನಡೆಸುವ ವಿದ್ಯೆ ಓದಲು ಕಾಲೇಜಿಗೆ ಸೇರಿದ ಮೇಲೆ, ನನ್ನ ಊಟದಂಗಡಿಯಲ್ಲಿ ನೆಮ್ಮದಿಯಾಗಿ ಒಂದು ತಟ್ಟೆ ಅನ್ನ ಮಾರುವುದೂ ಕಷ್ಟವಾಯಿತು. ಮಧ್ಯಾಹ್ನ ಗಿರಾಕಿ ಜಾಸ್ತಿ ಇರುವಾಗ ಅವಳು ಬಂದು ಗಲ್ಲಾದಲ್ಲಿ ಕೂರುತ್ತಿದ್ದಳು. ಕೂರಲಿ, ಸಂತೋಷ. ಆದರೆ ಚಿಲ್ಲರೆ ಕೊಡುವಾಗ ಅವಳು ಮಾಡುತ್ತಿದ್ದ ಶಾಸ್ತ್ರ ನೋಡಬೇಕಿತ್ತು! ನೋಟುಗಳನ್ನು ಬೀಸಣಿಗೆಯ ಹಾಗೆ ಹರಡಿ, ಬಾಯಿಬಿಟ್ಟು ಎಣಿಸಿ, ಗಿರಾಕಿಯ ಕಡೆ ತಳ್ಳಿ, ಕೊನೆಗೆ ಎರಡೂ ಅಂಗೈಗಳನ್ನು ಮೇಲೆ ಕೆಳಗೆ ತಿರುಗಿಸಿ ತೋರಿಸುತ್ತಿದ್ದಳು. ಕ್ಯಾಸಿನೊದಲ್ಲಿ ಮೇಜು ಬಿಟ್ಟು ಏಳುವಾಗ ಹೀಗೆ ಖಾಲಿ ಕೈಯನ್ನು ಚಾವಣಿಯ ಕ್ಯಾಮೆರಾಕ್ಕೆ ತೋರಿಸಬೇಕಂತೆ. ನನ್ನ ಅಂಗಡಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು? ಗೋಡೆಯ ಮೇಲಿನ ಬಾಲಯೇಸುವಿಗೇ ತೋರಿಸುತ್ತಿದ್ದಳು.

"ಏನಮ್ಮಾ ಮ್ಯಾನೇಜರ್, ದೇವರು ನಿನ್ನ ಮೇಲೆ ಕಂಪ್ಲೇಂಟ್ ಕೊಟ್ಟಿದಾನಾ?" ಎಂದು ಬೆರ್ತಿಂಗ್ ಕೇಳುತ್ತಿದ್ದ. ಬೆರ್ತಿಂಗ್ ಅಂದರೆ ನಮ್ಮ ಬೀದಿಯ ಜೀಪ್ನಿ, ಅದೇ ಜನ ತುಂಬಿಕೊಂಡು ಹೋಗುವ ಉದ್ದನೆಯ ಜೀಪು, ಓಡಿಸುವವನು. ದಿನಾ ಮಧ್ಯಾಹ್ನ ನನ್ನಲ್ಲೇ ಉಣ್ಣುತ್ತಾನೆ, ಉಂಡದ್ದಕ್ಕಿಂತ ಹೆಚ್ಚು ಮಾತಾಡುತ್ತಾನೆ.

"ನೀವು ನಗಿ ಅಣ್ಣ. ನಾಳೆ ನಾನು ಅಲ್ಲಿ ಕೋಟು ಹಾಕ್ಕೊಂಡು ನಿಂತಾಗ ನಿಮ್ಮನ್ನ ಒಳಗೇ ಬಿಡಲ್ಲ."

"ಅಲ್ಲ ಕಣೇ, ದುಡ್ಡು ಕೊಟ್ಟು ಕಾಲೇಜಿಗೆ ಹೋಗಿ ಜೂಜು ಕಲೀತಾರಾ? ನಮ್ಮ ಮಾವ ಪುಕ್ಕಟೆ ಕಲಿಸ್ತಿದ್ದ."

"ಆಡೋದಲ್ಲ, ಆಡಿಸೋದು. ಆಡೋರ್ನ ನೋಡ್ಕೊಳ್ಳೋದು. ಅದಕ್ಕೆ ಲೆಕ್ಕ ಬೇಕು, ಕಾನೂನು ಬೇಕು, ತಾಳ್ಮೆ ಬೇಕು. ನಿಮ್ಮ ಮಾವನಿಗೆ ಏನಿತ್ತು?"

"ನಮ್ಮತ್ತೆ ಇದ್ಲು. ತಾಳ್ಮೆ ತಾನಾಗೇ ಬಂತು."

ಜೋವಿಯ ತಾಯಿ ಹಾಂಗ್‌ಕಾಂಗಿನಲ್ಲಿ ಯಾರದೋ ಮನೆ ಕೆಲಸ ಮಾಡಿ ಫೀಸು ಕಳಿಸುತ್ತಾಳೆ. ಹುಡುಗಿಯನ್ನು ಸ್ವಂತ ಮೊಮ್ಮಗಳ ಹಾಗೆ ಸಾಕಿದ್ದು ಪಕ್ಕದ ಮನೆಯ ಉಸ್ತಿಂಗ್ ಅಜ್ಜ ಮತ್ತು ಅವನ ಹೆಂಡತಿ ಸೆಪಾ. ಸೆಪಾಳನ್ನು ಬೀದಿಯೆಲ್ಲ ಲೋಲಾ ಎನ್ನುತ್ತದೆ. ನಮ್ಮಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ. ಅಜ್ಜ ಮೀನು ದಕ್ಕೆಯಲ್ಲಿ ಬುಟ್ಟಿ ಹೊತ್ತವನು. ಇಸ್ಪೀಟೆಂದರೆ ಪ್ರಾಣ, ಗೆದ್ದದ್ದನ್ನು ಮಾತ್ರ ಯಾರೂ ಕಂಡಿಲ್ಲ. "ನಾನು ಹೊರಗಿನಿಂದ ಸೋತೆ, ನನ್ನ ಮೊಮ್ಮಗಳು ಒಳಗಿನಿಂದ ಗೆಲ್ತಾಳೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವನ ಬಾಯಿ ಹಾರೈಕೆಯೋ ಏನೋ, ಓದು ಮುಗಿಯುವ ಹೊತ್ತಿಗೆ ಕಡಲ ದಂಡೆಯ ಒಂದು ದೊಡ್ಡ ಕ್ಯಾಸಿನೊ ಅವಳನ್ನು ಆರಿಸಿಕೊಂಡಿತು. ಮೇಜುಗಳ ಮೇಲ್ವಿಚಾರಣೆ ಕಲಿಯುವ ಕೆಲಸ. ಆದರೆ ಒಂದು ತೊಡಕಿತ್ತು. ಸೇರಿಸಿಕೊಳ್ಳುವ ಮುಂಚೆ ಅವರ ಕಡೆಯ ಮನುಷ್ಯನೊಬ್ಬ ಬೀದಿಗೆ ಬಂದು ನೆರೆಹೊರೆಯವರನ್ನು ವಿಚಾರಿಸುತ್ತಾನೆ. ಹುಡುಗಿ ಹೇಗೆ, ನಂಬಬಹುದಾ, ಎಲ್ಲಾದರೂ ಜೂಜಾಡುತ್ತಾಳಾ, ಲೆಕ್ಕಾಚಾರದಲ್ಲಿ ಚೊಕ್ಕವಾ, ಎಲ್ಲ. ಅವನ ಕಿವಿಗೆ ಒಂದು ಕೆಟ್ಟ ಮಾತು ಬಿದ್ದರೆ ಎರಡು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. "ಲೆತ್ತಿ ಅಕ್ಕ, ಬಂದಾಗ ಸರಿಯಾಗಿ ಹೇಳ್ತೀರ ತಾನೆ?" ಎಂದು ನನ್ನನ್ನು ಕೇಳಿ ಕೇಳಿ ತಲೆ ತಿಂದಳು. ಹೇಳುತ್ತೇನೆ ಮಾರಾಯ್ತಿ, ನಿನ್ನ ಬಗ್ಗೆ ಕೆಟ್ಟದ್ದು ಹೇಳುವುದಕ್ಕೆ ನನಗೇನು ಹುಚ್ಚೇ ಅಂದೆ.

ಆ ಮನುಷ್ಯ ಬರುವ ಮೊದಲೇ ಉಸ್ತಿಂಗ್ ಅಜ್ಜ ತೀರಿಕೊಂಡ. ಕಾಫಿ ಕುಡಿಯುತ್ತ ಕೂತವನು ಹಾಗೇ ಒರಗಿದ.

ಸತ್ತ ಮನೆಯೆಂದರೆ ನಮ್ಮಲ್ಲಿ ಗೊತ್ತಿದ್ದದ್ದೇ. ಹೆಣ ನಾಲ್ಕಾರು ದಿನ ಮುಂದಿನ ಕೋಣೆಯಲ್ಲಿ, ಬೀದಿಗೆ ಟಾರ್ಪಾಲು, ಅದರ ಕೆಳಗೆ ಇಸ್ಪೀಟಿನ ಮೇಜುಗಳು. ಪ್ರತಿ ಆಟದಲ್ಲಿ ಗೆದ್ದವನು ಇಷ್ಟು ಎಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾನೆ, ಅದು ಮಣ್ಣು ಮಾಡುವ ಖರ್ಚಿಗೆ. ಪೊಲೀಸರೂ ಬಂದು ಕಾಫಿ ಕುಡಿದು ಬೇರೆ ಕಡೆ ನೋಡಿಕೊಂಡು ಹೋಗುತ್ತಾರೆ. ಬಂದವರು ದುಃಖಕ್ಕೆಂದು ಕವರಿನಲ್ಲಿ ಕಾಸೂ ಕೊಡುತ್ತಾರೆ. ಆದರೆ ಲೋಲಾ ಸೆಪಾ ಕವರು ಮುಟ್ಟಬೇಕಲ್ಲ!

"ನಿಮ್ಮ ಮನೇಲಿ ಸಾವಾದಾಗ ತಿರುಗಿ ಕೊಡಕ್ಕೆ ನನ್ನ ಹತ್ರ ಏನಿದೆ? ಎತ್ಕೊಂಡು ಹೋಗಿ" ಅಂದಳು. ಕೊಟ್ಟ ಬಟ್ಟಲನ್ನು ಖಾಲಿ ವಾಪಸು ಮಾಡಿದ ಹೆಂಗಸಲ್ಲ ಅವಳು, ಕೊನೇಪಕ್ಷ ಎರಡು ನಿಂಬೆಹಣ್ಣಾದರೂ ಹಾಕಿ ಕೊಡುತ್ತಾಳೆ. ಡಬ್ಬಿಯ ದುಡ್ಡಿಗೆ ಮಾತ್ರ ಒಪ್ಪಿದಳು. ಅದು ಆಟದ್ದು, ಎಲ್ಲ ಸತ್ತ ಮನೆಗೂ ಸಲ್ಲುವುದು, ಯಾರ ಉಪಕಾರವೂ ಅಲ್ಲ ಎಂದು ಅವಳ ವಾದ.

ಜೋವಿ ಎಲೆ ಮುಟ್ಟುವ ಹಾಗಿಲ್ಲ, ವಿಚಾರಿಸುವವನು ಯಾವ ಗಳಿಗೆಯಲ್ಲಿ ಬರುತ್ತಾನೋ. ಆದ್ದರಿಂದ ಡಬ್ಬಿ ಕಾಯುವ ಕೆಲಸ ಅವಳಿಗೆ ಬಂತು. ಅಲ್ಲಿಗೆ ಮುಗಿಯಿತು ನಮ್ಮ ಕಥೆ. ಅತ್ತು ಅತ್ತು ಕಣ್ಣು ಊದಿಸಿಕೊಂಡೇ ಬಿಳಿ ಅಂಗಿ ತೊಟ್ಟು ಬಂದು ನಿಂತಳು. ಮೇಜಿನ ಮೇಲೆ ಮೊಣಕೈ ಊರಬಾರದು, ಎಸೆದ ಎಲೆ ಮತ್ತೆ ಮುಟ್ಟಬಾರದು. ಪ್ರತಿ ಆಟಕ್ಕೂ ಒಂದು ಹೆಸರುಕಾಳು ಲೋಟಕ್ಕೆ ಹಾಕಿ ಎಷ್ಟು ಆಟವಾಯಿತೆಂದು ಲೆಕ್ಕ ಇಟ್ಟಳು. ಯಾರಾದರೂ ಸತತ ಸೋತರೆ ಹತ್ತಿರ ಬಂದು, "ಚಿಕ್ಕಪ್ಪ, ಸ್ವಲ್ಪ ಎದ್ದು ಓಡಾಡಿ ಬನ್ನಿ, ನೀರು ಕುಡೀರಿ" ಎನ್ನುತ್ತಿದ್ದಳು.

"ಇದು ಸತ್ತೋರ ಮನೆ ಕಣಮ್ಮಾ. ಇಲ್ಲಿಗೆ ಸೋಲಕ್ಕೇ ಬರೋದು" ಎಂದು ಬೆರ್ತಿಂಗ್ ತಲೆ ಚಚ್ಚಿಕೊಂಡ.

ಸಮಾಧಿಯ ಗೂಡಿಗೆ, ಅಂದರೆ ಸ್ಮಶಾನದ ಗೋಡೆಯಲ್ಲಿ ಶವಪೆಟ್ಟಿಗೆ ಇಡುವ ಜಾಗಕ್ಕೆ, ಹಣ ಕಟ್ಟಬೇಕಾದ ದಿನ ಮಧ್ಯಾಹ್ನ ಡಬ್ಬಿ ತೆರೆದರು. ಜೋವಿ ಕಾಸನ್ನೆಲ್ಲ ಮೇಜಿನ ಮೇಲೆ ಹರಡಿ ಜೋಡಿಸಿದಳು, ಹೆಸರುಕಾಳು ಎಣಿಸಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ಎಣಿಸಿದಳು. ನಾನು ಮೆಲ್ಲಗೆ ಅವಳ ಪಕ್ಕಕ್ಕೆ ಸರಿದೆ. ಯಾಕೆಂದರೆ ನನಗೆ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು, ಜೋವಿ ಮತ್ತು ಲೋಲಾ ಇಬ್ಬರನ್ನು ಬಿಟ್ಟು. ಲೋಲಾ ಕವರು ತಿರಸ್ಕರಿಸಿದ ಮೇಲೆ ಎಲ್ಲರೂ ಆ ಕಾಸನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು ಆಟದ ನೆಪದಲ್ಲಿ ಡಬ್ಬಿಗೆ ಇಳಿಸುತ್ತಿದ್ದರು. ಬೆರ್ತಿಂಗ್ ಗೆದ್ದದ್ದೆಲ್ಲ ಇಳಿಸಿದ್ದ. ಆಟವೇ ಬಾರದ ನಾನೂ ಮೇಜು ಒರೆಸುವ ನೆಪದಲ್ಲಿ ಸುಮ್ಮನಿರಲಿಲ್ಲ ಎಂದಿಟ್ಟುಕೊಳ್ಳಿ.

"ಎಲ್ಲರೂ ಹಾಗೇ ಇರಿ, ಯಾರೂ ಏಳಬೇಡಿ" ಎಂದಳು ಜೋವಿ, ದೊಡ್ಡ ದನಿಯಲ್ಲಿ. "ಡಬ್ಬೀಲಿ ಹೆಚ್ಚಿದೆ. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ."

"ಹೆಚ್ಚಿದ್ರೆ ಒಳ್ಳೇದಲ್ವೇನೇ, ಬಾಯಿ ಮುಚ್ಚು" ಎಂದು ನಾನು ಪಿಸುಗುಟ್ಟಿದೆ.

"ಇಲ್ಲ ಅಕ್ಕ. ಕಡಿಮೆ ಬಂದ್ರೂ ತಪ್ಪು, ಹೆಚ್ಚು ಬಂದ್ರೂ ತಪ್ಪು. ನಮ್ಮ ಕಾಲೇಜಲ್ಲಿ ಮೊದಲನೇ ಪಾಠನೇ ಅದು. ಹೆಚ್ಚು ಬಂತು ಅಂದ್ರೆ ಎಲ್ಲೋ ಏನೋ ಮೋಸ ಆಗಿದೆ ಅಂತ ಅರ್ಥ."

ಅಯ್ಯೋ ನನ್ನ ಕರ್ಮವೇ! ಲೋಲಾ ಸೆಪಾ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಬಂದು, ಜೋಡಿಸಿಟ್ಟ ಕಾಸನ್ನೆಲ್ಲ ಬಾಚಿ ಡಬ್ಬಿಗೆ ತುಂಬಿ, ಡಬ್ಬಿಯನ್ನು ಬೀದಿಯ ನಡುವೆ ಕುರ್ಚಿಯ ಮೇಲಿಟ್ಟಳು.

"ಭಿಕ್ಷೆ ಹಾಕಿದೋರು ಬಂದು ಎತ್ಕೊಳ್ಳಿ. ನನ್ನ ಗಂಡ ಬುಟ್ಟಿ ಹೊತ್ತವನು, ಯಾರ ಮುಂದೆಯೂ ಬುಟ್ಟಿ ಹಿಡಿದವನಲ್ಲ. ಎತ್ಕೊಳ್ಳೋ ತನಕ ಅವನು ಇಲ್ಲೇ ಇರ್ತಾನೆ."

ಯಾರು ಎತ್ತಿಕೊಳ್ಳುತ್ತಾರೆ? "ನಂದಲ್ಲಪ್ಪ" ಎಂದ ಬೆರ್ತಿಂಗ್. "ನಾನು ಗೆದ್ದೇ ಇಲ್ಲ" ಎಂದ ಇನ್ನೊಬ್ಬ. ಡಬ್ಬಿ ಬಿಸಿಲಿನಲ್ಲಿ ಹಾಗೇ ಕೂತಿತ್ತು, ಒಳಗೆ ಅಜ್ಜ ಮಲಗಿದ್ದ, ಗೂಡಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಇವತ್ತು ಕಟ್ಟದಿದ್ದರೆ ಗೂಡು ಬೇರೆಯವರಿಗೆ ಹೋಗುತ್ತಿತ್ತು.

ಜೋವಿ ನನ್ನ ಅಂಗಡಿಯ ಹಿಂದೆ, ಪಾತ್ರೆ ತೊಳೆಯುವಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಆಗಲೇ ಎಲ್ಲ ಬಿಡಿಸಿ ಹೇಳಿದ್ದೆ, ಜೊತೆಗೆ ನಾಲ್ಕು ಬೈದೂ ಇದ್ದೆ.

"ಸುಮ್ನೆ ಇದ್ದಿದ್ರೆ ಆಗ್ತಿತ್ತು. ನನ್ನನ್ನ ಎತ್ತಿ ಆಡಿಸಿದ ಅಜ್ಜನಿಗೆ ಗೂಡು ತಪ್ಪಿಸಿದೆನಲ್ಲ ಅಕ್ಕ!"

"ಅತ್ತರೆ ಗೂಡು ಬರುತ್ತಾ? ಏಳು, ಏನಾದ್ರೂ ಮಾಡು."

ಎದ್ದಳು. ಮುಖ ತೊಳೆದು, ಬೀದಿಯ ನಡುವೆ ಹೋಗಿ, ಹೆಸರುಕಾಳಿನ ಲೋಟ ಹಿಡಿದು ಲೋಲಾಳ ಮುಂದೆ ನಿಂತಳು. "ಲೋಲಾ, ತಪ್ಪು ನಂದು. ಎಷ್ಟೋ ಆಟಕ್ಕೆ ಕಾಳು ಹಾಕೋದೇ ಮರೆತಿದ್ದೆ. ಅಜ್ಜನ ನೆನಪಲ್ಲಿ ಮಂಕು ಬಡಿದಿತ್ತು. ಆಟ ಜಾಸ್ತಿ ಆಗಿದೆ, ಅದಕ್ಕೇ ಕಾಸು ಜಾಸ್ತಿ. ಎಲ್ಲ ಆಟದ್ದೇ."

ಲೋಲಾ ಲೋಟದ ಕಾಳು ನೋಡಿದಳು, ಅವಳ ಮುಖ ನೋಡಿದಳು. "ಹಾಗಾದ್ರೆ ನಿನಗೆ ಲೆಕ್ಕ ಬರಲ್ಲ ಅಂತಾಯ್ತು."

"ಬರಲ್ಲ ಲೋಲಾ."

ತರಗತಿಗೇ ಮೊದಲು ಬಂದ ಹುಡುಗಿ ಇಡೀ ಬೀದಿಯ ಮುಂದೆ ಆಡಿದ ಮಾತು ಅದು. ಲೋಲಾ ಮತ್ತೇನೂ ಕೇಳದೆ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಗೂಡು ಸಿಕ್ಕಿತು, ಅಜ್ಜನನ್ನು ಚೆನ್ನಾಗಿಯೇ ಕಳಿಸಿಕೊಟ್ಟೆವು.

ಆಮೇಲೆ ಶುರುವಾಯಿತು ನೋಡಿ. ಲೋಲಾಳಿಗೆ ಅನುಮಾನ ಬರಬಾರದಲ್ಲ, ಅದಕ್ಕೆ ನಮ್ಮ ಬೀದಿಯವರು ಆ ಸುಳ್ಳನ್ನು ಹೊತ್ತು ಮೆರೆಸಿದರು. ಜೋವಿ ಚಿಲ್ಲರೆ ಕೊಟ್ಟರೆ, "ಮ್ಯಾನೇಜರ್ ಕೊಟ್ಟಿದ್ದು, ಇನ್ನೊಂದ್ಸಲ ಎಣಿಸ್ಕೊಳ್ರಪ್ಪೋ" ಎಂದು ಬೆರ್ತಿಂಗ್ ಕೂಗುವನು. ಒಬ್ಬಳು ಮಗುವಿಗೆ, "ಓದ್ಲಿಲ್ಲ ಅಂದ್ರೆ ಜೋವಿ ಅಕ್ಕನ ಥರ ಆಗ್ತೀಯ" ಎಂದಳು. ಹುಡುಗಿ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಇದೆಲ್ಲ ಎಲ್ಲಿಗೆ ಮುಟ್ಟುತ್ತದೆಂದು ಯೋಚಿಸುವಷ್ಟು ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತೇನೆ.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಕ್ಯಾಸಿನೊ ಕಡೆಯ ಆ ಮನುಷ್ಯ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಚರ್ಮದ ಚೀಲ, ಹೆಸರು ವಿಲ್ಯಾಲೂಸ್ ಅಂತೆ. ಮೀನಿನ ಹುಳಿಸಾರು ಹೇಳಿ, ನಾನು ಬಡಿಸುತ್ತಿರುವಾಗಲೇ ವಿಷಯಕ್ಕೆ ಬಂದ. "ಜೋವಲಿನ್ ಮಾಗ್‌ಪಂತಾಯ್ ಅನ್ನೋ ಹುಡುಗಿ ಇಲ್ಲೇ ಇರೋದಾ? ಹೇಗೆ ಅವಳು?"

ಲೋಲಾ ಸೆಪಾ ಅಲ್ಲೇ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಗಂಡ ಹೋದ ಮೇಲೆ ಮಧ್ಯಾಹ್ನದ ಊಟ ನನ್ನಲ್ಲೇ, ಆದರೆ ಸುಮ್ಮನೆ ಉಣ್ಣುವವಳಲ್ಲವಲ್ಲ.

"ಚಿನ್ನದಂಥ ಹುಡುಗಿ ಸಾರ್" ಎಂದ ಬೆರ್ತಿಂಗ್. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ಆ ಪುಣ್ಯಾತ್ಮ? ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. "ಲೆಕ್ಕ ಒಂದು ಬರಲ್ಲ, ಅಷ್ಟೇ."

ವಿಲ್ಯಾಲೂಸ್ ಚಮಚ ಕೆಳಗಿಟ್ಟ. "ಲೆಕ್ಕ ಬರಲ್ವಾ?"

"ಸತ್ತೋರ ಮನೇಲಿ ಡಬ್ಬಿ ಕಾಸು ಎಣಿಸಕ್ಕೆ ಹೋಗಿ..." ಬೆರ್ತಿಂಗ್‌ಗೆ ಆಗ ಹೊಳೆಯಿತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಲೆಕ್ಕ ಸರಿ ಇತ್ತು ಎಂದರೆ ಮೂಲೆಯಲ್ಲಿ ಕೂತ ಮುದುಕಿಯ ಮಾನ ಹೋಗುತ್ತದೆ. ಇಲ್ಲ ಎಂದರೆ ಹುಡುಗಿಯ ಬದುಕು ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡು, ಸಾರಿನ ಸೌಟು ಹಿಡಿದು ಮರದ ಹಾಗೆ ನಿಂತುಬಿಟ್ಟೆ.

ಗಲ್ಲಾದಲ್ಲಿ ಕೂತಿದ್ದ ಜೋವಿ ಎದ್ದು ಮುಂದೆ ಬಂದಳು.

"ನಾನೇ ಸರ್ ಜೋವಲಿನ್."

"ಇವರು ಹೇಳೋದು ನಿಜವಾ? ಎಣಿಸೋದ್ರಲ್ಲಿ ತಪ್ಪು ಮಾಡಿದ್ಯಾ?"

ಜೋವಿ ಮೂಲೆಯ ಕಡೆ ನೋಡಲಿಲ್ಲ. "ಹೌದು ಸರ್. ತಪ್ಪಾಯ್ತು."

ಅವನು ನಿಟ್ಟುಸಿರು ಬಿಟ್ಟು ಚೀಲದಿಂದ ಕಾಗದ ತೆಗೆದ, ಪೆನ್ನಿನ ಮುಚ್ಚಳ ಬಿಚ್ಚಿದ. ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತಿತು.

"ತಡಿಯಪ್ಪಾ, ಬರೀಬೇಡ" ಎಂದಳು ಲೋಲಾ ಸೆಪಾ. ಮಡಿಲಿನ ಸಿಪ್ಪೆ ಕೊಡವಿ, ಗೋಡೆ ಹಿಡಿದು ಎದ್ದು ನಿಂತಳು. "ಸತ್ತಿದ್ದು ನನ್ನ ಗಂಡ. ಡಬ್ಬಿ ನನ್ನದು. ಅವಳ ಲೆಕ್ಕ ಸರಿಯಾಗೇ ಇತ್ತು. ಹೆಚ್ಚಿಗೆ ಇದ್ದಿದ್ದು ಇವರೆಲ್ಲ ನನಗೆ ಹಾಕಿದ ಧರ್ಮದ ಕಾಸು. ಗೊತ್ತಿದ್ದೇ ತಗೊಂಡೆ."

ಬೆರ್ತಿಂಗ್ ತಟ್ಟೆಯಲ್ಲೇ ಮುಖ ಹುದುಗಿಸಿದ್ದ. ಯಾರಿಂದಲೂ ಒಂದು ನಿಂಬೆಹಣ್ಣಿನ ಋಣ ಇಟ್ಟುಕೊಳ್ಳದ ಹೆಂಗಸು, ಗುರುತಿಲ್ಲದ ಗಂಡಸಿನ ಮುಂದೆ, ಉಣ್ಣುತ್ತಿರುವ ಜನರೆಲ್ಲರ ಮುಂದೆ ಹೇಳಿದ ಮಾತದು. ನನಗೆ ಅಳು ತಡೆಯಲಾಗಲಿಲ್ಲ, ನಾಚಿಕೆಯೂ ಆಗಲಿಲ್ಲ.

"ನಿಮಗೆ ಗೊತ್ತಿತ್ತಾ ಲೋಲಾ?" ಎಂದಳು ಜೋವಿ.

"ಗೊತ್ತಿಲ್ದೆ ಏನೇ? ನಿನ್ನನ್ನ ಸಾಕಿದ್ದು ಯಾರು?" ಲೋಲಾ ವಿಲ್ಯಾಲೂಸ್ ಕಡೆ ತಿರುಗಿದಳು. "ಇವಳಿಗೆ ಲೆಕ್ಕ ಬರುತ್ತಪ್ಪ. ಸುಳ್ಳು ಹೇಳಕ್ಕೆ ಒಂದು ಬರಲ್ಲ. ಅದನ್ನ ಬರ್ಕೋ."

ಅವನು ಬರೆದುಕೊಂಡ. ಆಮೇಲೆ ಆರಿಹೋಗಿದ್ದ ಸಾರನ್ನು ಹತ್ತಿರಕ್ಕೆಳೆದು ಉಣ್ಣತೊಡಗಿದ.