ಇಲ್ಲದ ಕ್ಲಚ್ಚಿಗೆ ಎತ್ತಿದ ಕಾಲು

ಭೇಲೂಪುರದಲ್ಲಿ ಮೂರನೇ ಗೇರು ಮೋಕ್ಷದ ಹಾಗೆ. ಇದೆ ಎಂದು ಎಲ್ಲರೂ ನಂಬುತ್ತಾರೆ, ಕಂಡವರು ಸಿಗುವುದಿಲ್ಲ. ಮೊದಲನೆಯದರಲ್ಲಿ ಹೊರಟು ಎರಡನೆಯದಕ್ಕೆ ಬರುವಷ್ಟರಲ್ಲಿ ಒಂದು ಈ-ರಿಕ್ಷಾ ಅಡ್ಡ ನಿಂತು ಜನ ಹತ್ತಿಸಿಕೊಳ್ಳುತ್ತಿರುತ್ತದೆ. ಅದರ ಮುಂದೆ ಒಂದು ಹಸು, ಹಸುವಿನ ಮುಂದೆ ಅದಕ್ಕೆ ರೊಟ್ಟಿ ತಿನ್ನಿಸುವವರು. ಇಂಥ ಊರಿನಲ್ಲಿ ಎರಡು ಬಾಗಿಲಿನ, ಆರು ಗೇರಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕೂರುವ ನೀಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರನ್ನು ಏನೆನ್ನಬೇಕು? ಡಾಕ್ಟರ್ ಕೃಷ್ಣವೇಣಿ ಎನ್ನಬೇಕು.

ಮೈಸೂರಿನವರು. ಇಲ್ಲಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಆಪರೇಷನ್ನಿಗೆ ಮುಂಚೆ ನಿದ್ದೆ ಬರಿಸುವುದು, ಮುಗಿದ ಮೇಲೆ ಎಬ್ಬಿಸುವುದು ಅವರ ಕೆಲಸ. "ಮಲಗಿಸೋದು ಯಾರು ಬೇಕಾದ್ರೂ ಮಾಡ್ತಾರೆ. ನಮ್ಮನೆಯವರ ಕ್ಲಾಸಿಗೆ ಹೋದ್ರೆ ಅದೂ ಬಿಟ್ಟಿ. ನನಗೆ ಸಂಬಳ ಕೊಡೋದು ಎಬ್ಬಿಸೋದಕ್ಕೆ" ಎನ್ನುತ್ತಾರೆ. ಮನೆಯವರು ಎಂದರೆ ಬಾಲಚಂದ್ರ. ಅದೇ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರೊಫೆಸರು. ರಸ್ತೆ ಅಪಘಾತಗಳ ಅಂಕಿಅಂಶ ಬಲ್ಲವನು ಸ್ಟೀರಿಂಗ್ ಮುಟ್ಟಬಾರದು ಎಂಬ ಸಿದ್ಧಾಂತಕ್ಕೆ ಅಂಟಿಕೊಂಡು, ಐವತ್ತೆಂಟು ದಾಟಿದರೂ ಸೈಕಲ್ಲಿನ ಬೆಲ್ಲಿಗಿಂತ ದೊಡ್ಡ ಯಂತ್ರವನ್ನು ಕೈಯಲ್ಲಿ ಹಿಡಿದವರಲ್ಲ.

ಆ ಕಾರು ವಾರವೆಲ್ಲ ಗೇಟಿನ ಒಳಗೆ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಆಸ್ಪತ್ರೆಗೆ ಕೃಷ್ಣವೇಣಿ ಈ-ರಿಕ್ಷಾದಲ್ಲೇ ಹೋಗುತ್ತಿದ್ದರು. ಕಾರಿಗೆ ಭಾನುವಾರ. ಬೆಳಕು ಹರಿಯುವ ಹೊತ್ತಿಗೆ ಒಬ್ಬರೇ ಹೊರಟು, ಊರು ಕಣ್ಣುಜ್ಜಿಕೊಳ್ಳುವ ಮೊದಲೇ ಊರು ದಾಟಿ, ಸಾರನಾಥದ ಆಚೆ ರಿಂಗ್ ರೋಡು ಹತ್ತುತ್ತಿದ್ದರು. ಅಲ್ಲಿ ರಸ್ತೆ ಖಾಲಿ. ಮೂರು, ನಾಲ್ಕು, ಐದು. ಆಮೇಲೆ ಹೊಲಗಳು, ಮಂಜು, ಎಂಜಿನ್ನಿನ ಸದ್ದು. ಯಾರೂ "ಮ್ಯಾಡಮ್, ಬಿಪಿ ಇಳೀತಿದೆ" ಎನ್ನುವುದಿಲ್ಲ. ಯಾರೂ "ವೇಣಿ, ನನ್ನ ಕನ್ನಡಕ ಎಲ್ಲಿ" ಎನ್ನುವುದಿಲ್ಲ. ವಾರದಲ್ಲಿ ಆ ಒಂದು ಗಂಟೆ ಮಾತ್ರ ಪೂರ್ತಿ ಅವರದು. ಸಂಸಾರದ ಕಾರುಬಾರಿನಲ್ಲಿ ಬಾರು ಎಲ್ಲರಿಗೂ ಇರಲಿ, ಕಾರು ಮಾತ್ರ ನನಗೆ ಎಂದು ಅವರು ಬಹಳ ಹಿಂದೆಯೇ ತೀರ್ಮಾನಿಸಿದ್ದರು.

ಗೇರು ಎಂದರೆ ಉಪ್ಪುಖಾರ ಹಚ್ಚಿದ ಬೀಜ ಎಂದಷ್ಟೇ ತಿಳಿದಿದ್ದ ನನಗೆ, ಅದನ್ನು ಕೈಯಲ್ಲಿ ಬದಲಿಸುವುದರಲ್ಲಿ ಏನು ಸುಖ ಎಂದು ಅವರೇ ಒಮ್ಮೆ ವಿವರಿಸಿದರು. ಅರಿವಳಿಕೆಯ ಯಂತ್ರದಲ್ಲಿ ಒಂದು ಪುಟ್ಟ ಸ್ವಿಚ್ಚಿರುತ್ತದಂತೆ. ಒಂದು ಕಡೆಗೆ ತಿರುಗಿಸಿದರೆ ಯಂತ್ರವೇ ರೋಗಿಗೆ ಉಸಿರು ಕೊಡುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ರಬ್ಬರಿನ ಚೀಲವನ್ನು ವೈದ್ಯರೇ ಒತ್ತಿ ಒತ್ತಿ ಉಸಿರು ಕೊಡಬೇಕು. ಯಂತ್ರ ಬೇಸರವಿಲ್ಲದೆ ಗಂಟೆಗಟ್ಟಲೆ ಕೊಡುತ್ತದೆ. ನಿಜಕ್ಕೂ ಕೈಗಿಂತ ಚೆನ್ನಾಗಿ ಕೊಡುತ್ತದೆ. ಆದರೆ ಚೀಲ ಹಿಡಿದ ಕೈಗೆ ಆಚೆ ಇರುವ ಎದೆ ತಿಳಿಯುತ್ತದೆ. ಬಿಗಿಯಾಗಿದೆಯೋ, ಸಡಿಲಾಗಿದೆಯೋ, ತಾನೇ ಉಸಿರಾಡಲು ಹವಣಿಸುತ್ತಿದೆಯೋ ಎಂದು. "ಗೇರ್ ಲಿವರ್ ಅಂದ್ರೆ ನನಗೆ ಆ ಚೀಲ" ಎಂದರು.

"ಮಮ್ಮಿ, ಆಪರೇಷನ್ ಥಿಯೇಟರಲ್ಲಿ ದಿನವಿಡೀ ಮಶೀನಿಗೇ ಬಿಟ್ಟಿರ್ತೀಯ. ಕಾರಿಗೆ ಮಾತ್ರ ಯಾಕೆ ಇಷ್ಟು ಡ್ರಾಮಾ?" ಎಂದಳು ಮಗಳು ಅಪೂರ್ವಾ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಜಗಳ ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಗೆಲ್ಲುತ್ತಾಳೆ.

"ಅಲ್ಲಿ ಮಲಗಿರೋನು ಮುಖ್ಯ ಕಣೇ. ಇಲ್ಲಿ ನಾನು ಮುಖ್ಯ."

"ಚಲೋ, ಮಾನ್ ಲಿಯಾ!" ಸರಿ, ಒಪ್ಪಿದೆ ಎಂದಳು.

ತೊಂದರೆ ಬಂದದ್ದು ಹೆಬ್ಬೆರಳಿನಿಂದ. ಮಲಗಿದವರ ಗದ್ದವನ್ನು ಮೂವತ್ತು ವರ್ಷ ಎಡಗೈಯಲ್ಲಿ ಎತ್ತಿ ಹಿಡಿದು, ಹೆಬ್ಬೆರಳಿನಿಂದ ಮಾಸ್ಕು ಅದುಮಿ, ಆ ಬೆರಳ ಬುಡದ ಕೀಲು ಸವೆದುಹೋಗಿತ್ತು. ಕಾರಿನ ಗೇರೂ ಎಡಗೈಯದೇ. ಒಂದು, ಮೂರು, ಐದು ಮುಂದಕ್ಕೆ. ಅಂಗೈಯಲ್ಲಿ ತಳ್ಳಿದರೆ ಸಾಕು. ಎರಡು, ನಾಲ್ಕು, ಆರು ಹಿಂದಕ್ಕೆ. ಬೆರಳು ಸುತ್ತಿ ಎಳೆಯಬೇಕು. "ಬೆಸಸಂಖ್ಯೆಗಳು ಆಗುತ್ತವೆ, ಸಮಸಂಖ್ಯೆಗಳು ನೋಯುತ್ತವೆ" ಎಂದು ಬಾಲಚಂದ್ರ ದಾಖಲಿಸಿಕೊಂಡರು. ಮೂಳೆ ಡಾಕ್ಟರು ಕೀಲನ್ನು ಒತ್ತಿ ನೋಡಿ ಕೈ ಮುಗಿದರು. "ಮೇಡಮ್, ಇಂಜೆಕ್ಷನ್ ಕೊಡ್ತೇನೆ, ಪಟ್ಟಿ ಕೊಡ್ತೇನೆ. ಆದರೆ ಥಿಯೇಟರಿಗೂ ಕಾರಿಗೂ ಸಾಕಾಗುವಷ್ಟು ಹೆಬ್ಬೆರಳು ಉಳಿದಿಲ್ಲ."

ಕೃಷ್ಣವೇಣಿ ಥಿಯೇಟರನ್ನು ಆರಿಸಿಕೊಂಡರು ಎಂದು ಹೇಳಬೇಕಾಗಿಲ್ಲ. ಆದರೂ ಭಾನುವಾರ ಬಂದರೆ ಕೀಲಿಕೈ ಕೈಗೆ ಬರುತ್ತಿತ್ತು.

ಅಂಥ ಒಂದು ಭಾನುವಾರ ಬಾಲಚಂದ್ರರಿಗೂ ಸಾರನಾಥದ ಯಾವುದೋ ಸಂಸ್ಥೆಯಲ್ಲಿ ಕೆಲಸವಿತ್ತು. ಪಕ್ಕದ ಸೀಟಿನಲ್ಲಿ, ಪ್ರಾಣವನ್ನು ಸೀಟ್ ಬೆಲ್ಟಿಗೆ ಒಪ್ಪಿಸಿ ಕೂತರು. ರಿಂಗ್ ರೋಡಿನಲ್ಲಿ ಮೂರರಿಂದ ನಾಲ್ಕಕ್ಕೆ ಎಳೆಯುವಾಗ ಕೃಷ್ಣವೇಣಿಯ ಬೆರಳು ಸೋತಿತು. ಕ್ಲಚ್ಚು ಒತ್ತಿದ ಕಾಲು ಒತ್ತಿಯೇ ಇದೆ, ಕೈ ಬರುತ್ತಿಲ್ಲ.

"ಏನಾಯ್ತೇ?"

"ನಾಲ್ಕಕ್ಕೆ ಎಳೀರಿ."

"ನಾನಾ?"

"ಇನ್ಯಾರಿದಾರೆ ಇಲ್ಲಿ? ಎಳೀರೀ, ಹಿಂದಕ್ಕೆ!"

ಎಡಸೀಟಿನಲ್ಲಿ ಕೂತವರಿಗೆ ಲಿವರ್ ಇರುವುದು ಬಲಗೈ ಪಕ್ಕ. ಬಾಲಚಂದ್ರ ಕಣ್ಣು ಮುಚ್ಚಿ ಎಳೆದರು. ಅದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಕೂತಿತು. ಕಣ್ಣು ತೆರೆದು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು. ಯಾರದೋ ಕೈ ಎರವಲು ತಂದವರ ಹಾಗೆ.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಅವರು ಜೊತೆಗೆ ಹೊರಟರು. ಮೊದಮೊದಲು ಗೇರ್‌ಬಾಕ್ಸು ಹಲ್ಲು ಕಡಿಯುತ್ತಿತ್ತು, ಅದಕ್ಕಿಂತ ಜೋರಾಗಿ ಹೆಂಡತಿ. ಬರಬರುತ್ತ ಹೇಳುವುದು ಬೇಡವಾಯಿತು. ಕೃಷ್ಣವೇಣಿಯ ಎಡಮೊಣಕಾಲು ಎದ್ದರೆ ಕ್ಲಚ್ಚು ಎಂದರ್ಥ. ಮೊಣಕಾಲಿನ ಹಿಂದೆಯೇ ಕೈ. ಎಂಜಿನ್ನಿನ ದನಿ ಏರಿದ್ದರೆ ಮೇಲಿನ ಗೇರು, ಮುಂದೆ ತಿರುವಿದ್ದರೆ ಕೆಳಗಿನದು. ಕೈಹಿಡಿದ ಗಂಡ ಗೇರು ಹಿಡಿದ ಗಂಡನಾದರು. ಹೊಸದಾಗಿ ಕಾರು ಕಲಿತ ಹುಡುಗರ ಉತ್ಸಾಹ ಬೇರೆ. ವಿಭಾಗದ ಸಹೋದ್ಯೋಗಿಗಳ ಮುಂದೆ, "ಮೂರನೆಯದಕ್ಕೆ ನಿನ್ನೆ ಸ್ವಲ್ಪ ತಡಮಾಡಿದೆ" ಎಂದು ಹೇಳಿಕೊಳ್ಳತೊಡಗಿದರು.

ಆದರೆ ಕೈಯ ಜೊತೆ ಬಾಯೂ ಬರುತ್ತಿತ್ತಲ್ಲ! ಹಾಲಿನವನು ನೀರು ಬೆರೆಸುವ ಸಂಭವನೀಯತೆ, ಮೈಸೂರಿನ ತಂಗಿಯ ನಾದಿನಿಯ ಮನೆ ಗೃಹಪ್ರವೇಶ, ಎಲ್ಲವೂ ರಿಂಗ್ ರೋಡಿಗೆ ಬಂದವು. ಕೃಷ್ಣವೇಣಿಗೆ ಸಮಸಂಖ್ಯೆಗಳು ಮರಳಿ ಸಿಕ್ಕಿದ್ದವು. ಆ ಒಂದು ಗಂಟೆ ಹೋಗಿತ್ತು. "ಗೇರು ಹಾಕೋಕೆ ಒಬ್ರು ಬೇಕು. ಒಬ್ಳೇ ಇರೋಕೆ ಯಾರೂ ಇರಬಾರದು. ಎರಡೂ ಹೇಗೆ ಆಗುತ್ತೆ?" ಎಂದು ಮಗಳ ಹತ್ತಿರ ಹೇಳಿಕೊಂಡರು.

ಅಪೂರ್ವಾ ಫೋನಿನಲ್ಲಿ ಹುಡುಕಿ ಅಮ್ಮನ ಮುಂದೆ ಹಿಡಿದಳು. ಅದೇ ಕಾರು, ಅದೇ ನೀಲಿ, ಆದರೆ ಆಟೊಮ್ಯಾಟಿಕ್. ಹಳೆಯ ಕಾರು ಮಾರುವ ಕೈಲಾಸ್‌ಜೀ ಎಂಬವರ ಅಂಗಳದಲ್ಲಿ ನಿಂತಿದೆ, ಹಳೆಯದನ್ನು ಕೊಟ್ಟು ಬದಲಾಯಿಸಿಕೊಳ್ಳಬಹುದು. "ಎಡಗೈಗೂ ರಜಾ, ಎಡಗಾಲಿಗೂ ರಜಾ, ಪಪ್ಪಾಗೂ ರಜಾ. ಒಬ್ಳೇ ಹೋಗಿ ಬಾ."

ಬಾಲಚಂದ್ರ ಪತ್ರಿಕೆಯ ಹಿಂದಿನಿಂದ, "ಒಳ್ಳೇ ಯೋಚನೆ" ಎಂದರು. ಆಮೇಲೆ ಆ ಪುಟವನ್ನು ಬಹಳ ಹೊತ್ತು ಮಗುಚಲಿಲ್ಲ.

ಮುಂದಿನ ಭಾನುವಾರ ಕೈಲಾಸ್‌ಜೀ ಅಂಗಳಕ್ಕೆ ತಮ್ಮ ಕಾರಿನಲ್ಲೇ ಹೋಗಿ, ಅದನ್ನು ಅಲ್ಲಿ ನಿಲ್ಲಿಸಿ, ಹೊಸ ಹಳೆಯ ಕಾರಿಗೆ ಹತ್ತಿದರು. ಮುಂದೆ ಗಂಡ ಹೆಂಡತಿ. ಹಿಂದೆ ಒಂದು ಹಲಸಿನಹಣ್ಣು ಇಡಬಹುದಾದ ಜಾಗದಲ್ಲಿ, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು, ಭಾರಿ ಆಳು ಕೈಲಾಸ್‌ಜೀ.

ಕಾರು ಚೆನ್ನಾಗಿತ್ತು. ಅದನ್ನು ಕೃಷ್ಣವೇಣಿ ಇವತ್ತಿಗೂ ಒಪ್ಪುತ್ತಾರೆ. ಕಾಲು ಒತ್ತಿದರೆ ಗೇರುಗಳು ಒಂದರ ಹಿಂದೊಂದು, ಕಣ್ಣು ಮಿಟುಕಿಸುವುದರೊಳಗೆ, ಬದಲಾದದ್ದೇ ತಿಳಿಯದ ಹಾಗೆ ಏರುತ್ತಿದ್ದವು. ಅವರ ಕೈ ಸರಿಯಿದ್ದ ಕಾಲದಲ್ಲೂ ಅಷ್ಟು ಬೇಗ ಹಾಕಿದವರಲ್ಲ. ಪಟ್ಟಿ ಸುತ್ತಿದ ಎಡಗೈ ಸ್ಟೀರಿಂಗಿನ ಮೇಲೆ ಹಗುರಾಗಿ ಕೂತಿತ್ತು. ಬಹಳ ದಿನದ ಮೇಲೆ ನೋವಿಲ್ಲದ ಭಾನುವಾರ.

"ಔರ್ ಮೇಡಮ್‌ಜೀ, ಮ್ಯಾನುಯಲ್ ಕಾ ಮಜಾ ಭೀ ಹೈ!" ಎಂದು ಹಿಂದಿನಿಂದ ಮೊಣಕಾಲುಗಳು ಮಾತಾಡಿದವು. ಕೈಗೇರಿನ ಮಜವೂ ಇದೆಯಂತೆ. ಸ್ಟೀರಿಂಗಿನ ಹಿಂದೆ ಎರಡು ಎಲೆಗಳಂಥ ಗುಂಡಿ. ಬೆರಳಲ್ಲಿ ಮುಟ್ಟಿದರೆ ಗೇರು ನಾವೇ ಬದಲಿಸಿದ ಹಾಗೆ. ಮುಟ್ಟಿ ನೋಡಿದರು. ಲಿಫ್ಟಿನಲ್ಲಿ ಬಾಗಿಲು ಮುಚ್ಚುವ ಗುಂಡಿ ಒತ್ತಿದಂತಿತ್ತು. ಹೇಗೂ ಮುಚ್ಚುವ ಬಾಗಿಲು.

ಬಾಲಚಂದ್ರ ಮಾತೇ ಆಡಲಿಲ್ಲ. ಹಾಲಿನವನಿಲ್ಲ, ನಾದಿನಿಯಿಲ್ಲ. ಎಷ್ಟು ದಿನದಿಂದ ಬೇಕೆಂದಿದ್ದ ಮೌನ ಇದೇ ಅಲ್ಲವೇ ಎಂದುಕೊಂಡು ಕೃಷ್ಣವೇಣಿ ವೇಗ ಹೆಚ್ಚಿಸಿದರು.

ಎಂಜಿನ್ನಿನ ದನಿ ಏರಿತು. ಮುಂದೆ ಸೇತುವೆಯ ದೊಡ್ಡ ತಿರುವು. ಆಗ ಅದು ನಡೆಯಿತು. ಕೃಷ್ಣವೇಣಿಯ ಎಡಗಾಲು ತಾನಾಗಿ ಎದ್ದು, ಇಲ್ಲದ ಕ್ಲಚ್ಚನ್ನು ಹುಡುಕಿ ಬರೀ ನೆಲವನ್ನು ಅದುಮಿತು. ಮೊಣಕಾಲು ಎದ್ದದ್ದು ಕಂಡದ್ದೇ ತಡ, ಬಾಲಚಂದ್ರರ ಬಲಗೈ ಹಾರಿ ಲಿವರನ್ನು ತಳ್ಳಿತು. ಅಲ್ಲಿ ಮೂರೂ ಇರಲಿಲ್ಲ, ನಾಲ್ಕೂ ಇರಲಿಲ್ಲ, ಇದ್ದದ್ದು ನ್ಯೂಟ್ರಲ್. ಚಕ್ರಗಳ ಸಂಬಂಧ ಕಡಿದುಕೊಂಡ ಎಂಜಿನ್ನು ಬಾಲ ತುಳಿದ ಬೆಕ್ಕಿನಂತೆ ಕಿರುಚಿತು.

"ಅರೇ ಅರೇ! ಕ್ಯಾ ಹುವಾ? ಹೇ ಭೋಲೇನಾಥ್!"

ರಸ್ತೆ ಖಾಲಿಯಿತ್ತು. ಕೃಷ್ಣವೇಣಿ ಕಾಲು ತೆಗೆದು, ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ, ಕೈಲಾಸ್‌ಜೀ ಮೊಣಕಾಲು ಅವರದೇ ಗದ್ದಕ್ಕೆ ಹೊಡೆದದ್ದು ಬಿಟ್ಟರೆ.

"ಸಾರಿ ಕಣೇ" ಎಂದರು ಬಾಲಚಂದ್ರ. "ನಿನ್ನ ಕಾಲು ಎದ್ದಿತು. ನಾನು..."

"ನನ್ನ ಕಾಲಿಗೂ ಬುದ್ಧಿ ಇಲ್ಲ ಬಿಡಿ."

"ಸರ್‌ಜೀ, ಇಸ್‌ಮೇಂ ಆಪ್ ಕುಛ್ ಮತ್ ಕೀಜಿಯೇ" ಎಂದರು ಕೈಲಾಸ್‌ಜೀ, ಗದ್ದ ಉಜ್ಜಿಕೊಳ್ಳುತ್ತ. ಇದರಲ್ಲಿ ನೀವು ಏನೂ ಮಾಡಬೇಡಿ. ಮರ್ಯಾದೆಯಿಂದಲೇ ಹೇಳಿದರು, ತಪ್ಪೇನಿಲ್ಲ.

ಕಾರು ಮತ್ತೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಕೃಷ್ಣವೇಣಿ ಓರೆಗಣ್ಣಿನಲ್ಲಿ ನೋಡಿದರು. ಬಾಲಚಂದ್ರ ತಮ್ಮ ಬಲಗೈಯನ್ನು ತೊಡೆಯ ಕೆಳಗೆ ಹಾಕಿ, ಅದರ ಮೇಲೆ ಕೂತಿದ್ದರು. ಇನ್ನೊಮ್ಮೆ ಏಳದಿರಲಿ ಎಂದು. ಕ್ಲಾಸಿನಲ್ಲಿ ತಪ್ಪು ಉತ್ತರ ಹೇಳಿದ ಹುಡುಗ ಮತ್ತೆ ಕೈಯೆತ್ತದೆ ಕೂರುತ್ತಾನಲ್ಲ, ಹಾಗೆ. ದೃಷ್ಟಿ ನೇರ ರಸ್ತೆಯ ಮೇಲೆ. ಅಂಗಳ ಬರುವತನಕ ಅವರು ಆ ಕೈಯನ್ನು ಹೊರಗೆ ತೆಗೆಯಲಿಲ್ಲ.

ಇಳಿದ ಮೇಲೆ ಕೃಷ್ಣವೇಣಿ ಬೇಡವೆಂದರು.

"ಕಮೀ ಕ್ಯಾ ಹೈ, ಮೇಡಮ್‌ಜೀ?" ಏನು ಕೊರತೆ ಎಂದರು ಕೈಲಾಸ್‌ಜೀ.

"ನಮ್ಮವರಿಗೆ ಜಾಗ ಇಲ್ಲ" ಎಂದು ಹಿಂದಿಯಲ್ಲಿ ಹೇಳಿದರು.

ಕೈಲಾಸ್‌ಜೀ ಬಾಲಚಂದ್ರರ ಸಪೂರ ದೇಹವನ್ನೂ, ಅವರು ಕೂತಿದ್ದ ಅಗಲವಾದ ಸೀಟನ್ನೂ ನೋಡಿದರು. "ಜಗಹ್ ತೋ ಮುಝೇ ನಹೀಂ ಥೀ!" ಜಾಗ ಇಲ್ಲದ್ದು ನನಗೆ ಎಂದು ಸಂಕಟದಿಂದ ಸೊಂಟ ಹಿಡಿದುಕೊಂಡರು.

ಹಳೆಯ ಕಾರಿನಲ್ಲಿ ಮನೆಯ ದಾರಿ ಹಿಡಿದಾಗ ಬಾಲಚಂದ್ರ ಕೇಳಿದರು. "ನಿಜ ಹೇಳು, ಯಾಕೆ ಬೇಡ ಅಂದೆ? ಒಬ್ಳೇ ಹೋಗೋದು ನಿನಗಿಷ್ಟ ಅಂತ ನನಗೆ ಗೊತ್ತಿಲ್ವೇ?"

ಕೃಷ್ಣವೇಣಿ ಎಡಮೊಣಕಾಲು ಎತ್ತಿದರು. ಬಾಲಚಂದ್ರ ಎರಡಕ್ಕೆ ಎಳೆದರು.

"ಒಂದು ಷರತ್ತು" ಎಂದರು ಕೃಷ್ಣವೇಣಿ ಆಮೇಲೆ. "ಸಾರನಾಥ ದಾಟಿದ ಮೇಲೆ ಕೈ ಮಾತ್ರ. ಬಾಯಿ ಇಲ್ಲ."

"ಆಯ್ತು. ಆದ್ರೆ ಹಾಲಿನವನ ವಿಷಯ ಒಂದು..."

"ರೀ."

"ಆಯ್ತು."

ಬಾಲಚಂದ್ರ ಷರತ್ತನ್ನು ಬಹುಮಟ್ಟಿಗೆ ಪಾಲಿಸುತ್ತಾರೆಂದು ಕೇಳಿದ್ದೇನೆ. ಆದರೆ ಅಪೂರ್ವಾ ಅಂದೇ ಕೇಳಿದ ಪ್ರಶ್ನೆ ಉಳಿದೇ ಇತ್ತು: ಪಪ್ಪಾ ಊರಲ್ಲಿಲ್ಲದಿದ್ದರೆ? ಅದಕ್ಕೆ ಉತ್ತರ ಈ ಚಳಿಗಾಲದಲ್ಲಿ ಬಂತು. ಬಾಲಚಂದ್ರ ಪರೀಕ್ಷೆಯ ಕೆಲಸಕ್ಕೆ ಮೈಸೂರಿಗೆ ಹೋದರು. ಭಾನುವಾರ ಬೆಳಿಗ್ಗೆ ಕೃಷ್ಣವೇಣಿ ಎಂದಿನಂತೆ ಎದ್ದು, ಶಾಲು ಹೊದ್ದು, ಕೆಳಗಿಳಿದು, ಕಾರಿನ ಬಟ್ಟೆ ತೆಗೆದು ಒಳಗೆ ಕೂತರು. ಎಂಜಿನ್ ಹಾಕಿದರು. ಮೊದಲನೆಯದಕ್ಕೆ ಅಂಗೈಯಲ್ಲಿ ತಳ್ಳಬಹುದಿತ್ತು, ಅದರಾಚೆ ದಾರಿಯಿರಲಿಲ್ಲ. ಸೋಮವಾರ ಥಿಯೇಟರಿನಲ್ಲಿ ಉದ್ದನೆಯ ಆಪರೇಷನ್ನಿತ್ತು, ಹೆಬ್ಬೆರಳನ್ನು ಅದಕ್ಕೆಂದು ಎತ್ತಿಡಬೇಕಿತ್ತು. ಗೇಟು ತೆರೆಯಲಿಲ್ಲ. ಎಂಜಿನ್ ಆರಿಸಿ ಸುಮ್ಮನೆ ಕೂತರು. ಗಾಜಿನ ಮೇಲೆ ಮಂಜು. ಪಕ್ಕದಲ್ಲಿ ಯಾರೂ ಇಲ್ಲ, ಮಾತಿಲ್ಲ. ಕಳೆದುಹೋಗಿದ್ದ ಆ ಗಂಟೆ ಪೂರ್ತಿಯಾಗಿ, ನಿಂತ ಕಾರಿನಲ್ಲೇ ಸಿಕ್ಕಿತ್ತು.

ಅದರ ಅರ್ಧದಲ್ಲಿ ಫೋನು ಬಂತು.

"ವೇಣಿ, ಇಲ್ಲೊಂದು ಫಜೀತಿ ಆಯ್ತು" ಎಂದರು ಬಾಲಚಂದ್ರ. "ಸುಧನ್ವನ ಕಾರಲ್ಲಿ ಹುಣಸೂರು ರಸ್ತೆಗೆ ಹೋಗ್ತಿದ್ವಿ." ಸುಧನ್ವ ಅವರ ತಂಗಿಯ ಮಗ. "ಅವನ ಮೊಣಕಾಲು ಎದ್ದಿತು ನೋಡು, ನಾನು ಗೇರ್ ಹಾಕಿಬಿಟ್ಟೆ. 'ಮಾಮ, ಕೈ ತೆಗೀರಿ!' ಅಂತ ಕೂಗಿದ. ಈಗ ಹಿಂದಿನ ಸೀಟಲ್ಲಿ ಕೂರಿಸಿದ್ದಾನೆ."

ಕೃಷ್ಣವೇಣಿ ನಗಲಿಲ್ಲ. "ಯಾವ ಗೇರು ಹಾಕಿದ್ರಿ?"

"ಮೂರು."

"ಸರಿಯಾಗಿ ಕೂತಿತಾ?"

"ಬೆಣ್ಣೆ ಹಾಗೆ."

"ಮತ್ತೆ ಅವನಿಗೇನಂತೆ?" ಎಂದು ಹೇಳಿ, ಸೀಟನ್ನು ಒಂದಿಷ್ಟು ಹಿಂದಕ್ಕೆ ಒರಗಿಸಿಕೊಂಡರು. "ಸರಿ, ಹಾಲಿನವನ ವಿಷಯ ಏನೋ ಹೇಳ್ತಿದ್ರಲ್ಲ ಆವತ್ತು. ಅದೇನು ಹೇಳಿ."