ದೃಷ್ಟಿಯ ಪರವಾಗಿ ಒಂದು ವಾದ

ಪಕ್ಕದ ಮನೆಯಲ್ಲಿ ಯಾರಿಗೋ ದೃಷ್ಟಿ ತೆಗೆಯುತ್ತಿದ್ದಾರೆ. ಒಣಮೆಣಸಿನಕಾಯಿಯ ಘಾಟು ಕಿಟಕಿಯಿಂದ ಬಂದು ನನ್ನನ್ನು ಕೆಮ್ಮಿಸಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಗುಡುಗಿ ಬಹುಮಾನ ತಂದವಳು ನಾನು. ದೃಷ್ಟಿಯ ಪರವಾಗಿ ವಾದಿಸಿದ್ದು ಒಮ್ಮೆ ಮಾತ್ರ, ನಗುವುದಾದರೆ ನಗಿ.

ಅಕ್ಕನ ಮಗಳು ಅನ್ವಿಗೆ ಎರಡು ವರ್ಷವಾಗಿದ್ದಾಗ ಹೃದಯದ ರಂಧ್ರ ಮುಚ್ಚುವ ಆಪರೇಷನ್ ಆಯಿತು. ಮೊದಲು ಗೊತ್ತುಮಾಡಿದ್ದ ದಿನ, ಮಗುವಿಗೆ ಯಾರಿಂದಲೋ ಅಂಟಿದ ನೆಗಡಿ ಎದೆಗಿಳಿದದ್ದರಿಂದ ಅದು ಮುಂದಕ್ಕೆ ಹೋಗಿತ್ತು. ಹಾಗಾಗಿ ದೇವನಹಳ್ಳಿಯ ನಮ್ಮ ಮನೆಗೆ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದ್ದರು: ದೊಡ್ಡವರಿಗೆ ನಾಲ್ಕು ಸೀನು ತರಿಸಿ ಸುಮ್ಮನಾಗುವ ವೈರಸ್ಸು, ಗಾಯ ಮಾಯದ ಈ ಎದೆಗೆ ಹೊಕ್ಕರೆ ಮಗು ಮತ್ತೆ ಐಸಿಯುಗೆ ಬರಬೇಕಾದೀತು. ಜನ ಬೇಡ, ಹೊಗೆ ಬೇಡ.

ಜನ ಬೇಡವೆಂದರೆ ಆದೀತೆ? ಆಸ್ಪತ್ರೆಯಿಂದ ಬಂದವರನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಜಗಳವಾಡಿದ್ದಕ್ಕೆ ಸಮ. ಹತ್ತಿರದ ಆವತಿ ಹಳ್ಳಿಯಿಂದ ದೊಡ್ಡಪ್ಪ ಮೋಸಂಬಿ ಹಿಡಿದು ಬಂದರು. ಟವೆಲಿನಲ್ಲಿ ಮೂಗೊರೆಸುತ್ತಲೇ ಚಪ್ಪಲಿ ಬಿಟ್ಟರು. ನಾನು ಬಾಗಿಲಿಗೆ ಅಡ್ಡ ನಿಂತು ವೈರಸ್ಸು, ಶ್ವಾಸಕೋಶ, ರೋಗನಿರೋಧಕ ಶಕ್ತಿ ಎಂದು ಕ್ರಮವಾಗಿ ಮಂಡಿಸಿದೆ.

“ಏನವ್ವಾ, ನಾನೇನು ಕಾಯಿಲೆ ಗಂಟು ಕಟ್ಕೊಂಡ್ ಬಂದಿದ್ದೀನಾ? ಥಂಡಿಗೆ ಮೂಗು ಸೋರ್ತದೆ ಅಷ್ಟೇ. ಸರಿ ಅತ್ಲಾಗೆ.”

ಒಳಗೆ ಮಗು ಮುಲುಗಿತು. ಯೋಚಿಸುವ ಮೊದಲೇ ನನ್ನ ಬಾಯಿ ಹೇಳಿಬಿಟ್ಟಿತ್ತು: “ದೃಷ್ಟಿ ಆಗಿದೆ ದೊಡ್ಡಪ್ಪ. ಹುಣ್ಣಿಮೆವರೆಗೂ ಯಾರೂ ನೋಡ್ಬಾರ್ದಂತೆ.”

“ಅಂಗಂತ ಮೊದ್ಲೇ ಹೇಳಾಕೇನಾಗಿತ್ತು!” ಮೋಸಂಬಿಯನ್ನು ಹೊಸ್ತಿಲಲ್ಲಿಟ್ಟು ಹಿಂದಕ್ಕೆ ಸರಿದರು. ಸುದ್ದಿ ಹಬ್ಬಿತು, ಬರುತ್ತೇವೆಂದವರೆಲ್ಲ ಫೋನಿನಲ್ಲೇ ವಿಚಾರಿಸಿಕೊಂಡರು.

ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದಾಗ, ಸಂಜೆ ಅಜ್ಜಿ ಕೆಂಡದ ಮಡಕೆ, ಒಂದು ಹಿಡಿ ಮೆಣಸಿನಕಾಯಿ ಹಿಡಿದು ಮಗುವಿನ ಕೋಣೆಗೆ ಹೊರಟಳು.

“ಏನಜ್ಜೀ ಇದು?”

“ಏನು ಅಂದ್ರೆ? ದೃಷ್ಟಿ ಆಗೈತೆ ಅಂದೋಳು ನೀನೇ. ತೆಗೀಬ್ಯಾಡ್ವೇನೇ?”

ದೃಷ್ಟಿ ಸುಳ್ಳು ಎಂದರೆ ದೊಡ್ಡಪ್ಪ ನಾಳೆಯೇ ಬರುತ್ತಾರೆ. ನಿಜ ಎಂದರೆ ಈ ಘಾಟು ಈಗಲೇ ಎದೆಗಿಳಿಯುತ್ತದೆ. ವೇದಿಕೆಯಲ್ಲಿ ಎದುರಾಳಿಗಳನ್ನು ಕೆಡವುತ್ತಿದ್ದ ಇಕ್ಕಟ್ಟಿಗೆ ನಾನೇ ಬಿದ್ದಿದ್ದೆ.

“ಉಪ್ಪಲ್ಲಿ ತೆಗೀಬಹುದಲ್ಲಜ್ಜೀ? ನೀರಿಗೆ ಹಾಕಿದ್ರೆ ಕರಗಿ ಹೋಗುತ್ತೆ. ಹೊಗೇನೂ ಇರಲ್ಲ.”

ಅಜ್ಜಿ ನನ್ನ ಮುಖವನ್ನೇ ನೋಡಿದಳು. “ತೆಗೀಬೌದು. ನೀನೇ ತೆಗಿ. ಊರಿಗೆಲ್ಲ ಡಂಗುರ ಹೊಡ್ದೋಳು ನೀನು.”

ಮುಷ್ಟಿ ತುಂಬ ಕಲ್ಲುಪ್ಪು ಹಿಡಿದು ನಿವಾಳಿಸಿದೆ. ಅಕ್ಕ ವೇಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಈಗ ಅನ್ವಿ ಶಾಲೆಗೆ ಹೋಗುತ್ತಾಳೆ. ಎದೆಯ ಮೇಲೊಂದು ಗೆರೆ. ನಾಲಿಗೆ ಮಾತ್ರ ನನ್ನದೇ. ಇವತ್ತು ನನ್ನ ಪಕ್ಕದಲ್ಲಿ ಕುಳಿತವಳು ಕಿಟಕಿಯಿಂದ ಬಂದ ಘಾಟಿಗೆ ಮೂಗು ಹಿಡಿದುಕೊಂಡು ಕೇಳಿದಳು: “ಚಿಕ್ಕಿ, ದೃಷ್ಟಿ ಅನ್ನೋದು ಇದ್ಯಾ?”

“ಇಲ್ಲ.”

“ಮತ್ತೆ ನಂಗ್ಯಾಕೆ ತೆಗ್ದೆ? ಅಮ್ಮ ಹೇಳಿದ್ಲು.”

ಅಜ್ಜಿಯ ಸಮಾಧಾನಕ್ಕೆ ಎಂದೆ. ಅದು ಅರ್ಧ ನಿಜ. ಕೊನೆಯ ಸುತ್ತಿನಲ್ಲಿ, ಕೈ ಅವಳೆದೆಯ ಬ್ಯಾಂಡೇಜಿನ ಹತ್ತಿರ ಬಂದಾಗ, ಇವಳಿಗೇನೂ ಆಗದಿರಲಿ ಎಂದು ನಾನು ಕೇಳಿಕೊಂಡಿದ್ದೆ. ಯಾರನ್ನು ಎಂಬುದಕ್ಕೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ.